ತಾಳ ತಪ್ಪದ ಸದ್ದು: ಫ್ರಿಜ್ಜಿನ ಸ್ಟೆಬಿಲೈಸರ್ ರಿಪೇರಿಯ ದಿನಚರಿ

ಪುನರ್ವಸು ಮಳೆ ಹಿಡಿದ ಮೂರನೆಯ ರಾತ್ರಿ ಆ ಸದ್ದು ಮೊದಲ ಬಾರಿಗೆ ನನ್ನನ್ನು ಎಬ್ಬಿಸಿತು. ಗಂಟೆ ಒಂದೂ ಮುಕ್ಕಾಲು. ಹಂಚಿನ ಮೇಲೆ ಮಳೆ ಸುರಿಯುತ್ತಿರುವಾಗ ಬೇರೆ ಯಾವ ಸದ್ದೂ ಕಿವಿಗೆ ಹತ್ತುವುದಿಲ್ಲ. ಸ್ವಲ್ಪ ಹೊಳವಾದಾಗ ಕೇಳಿಸಿತು: ಟಕ್. ಒಂದು ಕ್ಷಣ ಬಿಟ್ಟು, ಅದಕ್ಕಿಂತ ಮೆತ್ತಗೆ, ಟಿಕ್. ಮತ್ತೆ ಟಕ್. ಹಂಚು ಒಡೆದು ಅಟ್ಟದ ಹಲಗೆಯ ಮೇಲೆ ನೀರು ತೊಟ್ಟಿಕ್ಕುತ್ತಿದೆ ಎಂದುಕೊಂಡು ಟಾರ್ಚ್ ಹಿಡಿದು ಮೇಲೆ ಹತ್ತಿದೆ. ಅಟ್ಟ ಒಣಗಿಯೇ ಇತ್ತು. ಕೆಳಗಿಳಿದು ನಡುಮನೆಗೆ ಬಂದರೆ ಅತ್ತೆ ಮಂಚದ ಮೇಲೆ ಎದ್ದು ಕುಳಿತಿದ್ದರು.

"ಇವತ್ತಿಗೆ ಮೂರು ರಾತ್ರಿಯಾಯಿತು ಮಾರಾಯ್ತಿ. ಬೆಳಿಗ್ಗೆ ಎದ್ದು ಕಾಲೇಜಿಗೆ ಹೋಗುವವಳು, ನಿನ್ನನ್ನು ಎಬ್ಬಿಸುವುದು ಯಾಕೆ ಎಂದು ಸುಮ್ಮನಿದ್ದೆ," ಎಂದು ಗೋಡೆಯತ್ತ ಕೈ ತೋರಿಸಿದರು.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿ ದಾಟಿ ಒಳಗೆ ಇಳಿದರೆ ಸಿಗುತ್ತದೆ. ಹಳೆಯ ಮನೆ. ನಡುಮನೆಗೂ ಅಡುಗೆಮನೆಗೂ ನಡುವೆ ಇರುವುದು ಮಣ್ಣಿನ ಗೋಡೆಯಲ್ಲ, ಹಲಸಿನ ಹಲಗೆಯ ಅಡ್ಡೆ. ಆ ಕಡೆ ಫ್ರಿಜ್, ಫ್ರಿಜ್ಜಿನ ಮೇಲ್ಗಡೆ ಹಲಗೆಗೇ ಎರಡು ಸ್ಕ್ರೂ ಬಿಗಿದು ನೇತುಹಾಕಿದ ಸ್ಟೆಬಿಲೈಸರ್. ಈ ಕಡೆ ಅತ್ತೆಯ ಮಂಚ. ಸ್ಟೆಬಿಲೈಸರಿನೊಳಗೆ ಬೆರಳುಗಾತ್ರದ ಒಂದು ರಿಲೇ, ಎಂದರೆ ಕರೆಂಟಿನ ಬಲದಿಂದ ತಾನೇ ಕೂಡಿ ಬಿಡುವ ಸ್ವಿಚ್ಚು, ಮಿಡಿದರೆ ಇಡೀ ಹಲಗೆ ತಂಬೂರಿಯ ಬುರುಡೆಯಂತೆ ಅದನ್ನು ಹಿಗ್ಗಿಸಿ ಅತ್ತೆಯ ದಿಂಬಿನ ಬಳಿ ತಂದಿಡುತ್ತಿತ್ತು. ಹಗಲಿಡೀ ಅಡುಗೆಮನೆಯಲ್ಲಿ ನಿಂತರೂ ನನಗೆ ಅದು ಅಷ್ಟು ಜೋರಾಗಿ ಕೇಳಿದ್ದೇ ಇಲ್ಲ.

ಸ್ವಿಚ್ ಆರಿಸಿದೆ. ಮನೆ ನಿಶ್ಶಬ್ದವಾಯಿತು. ಆದರೆ ಅದು ಒಂದು ರಾತ್ರಿಯ ಮಾತು. ಅತ್ತೆಗೆ ಸಕ್ಕರೆ ಕಾಯಿಲೆ. ತೆರೆಯದ ಇನ್ಸುಲಿನ್ ಬಾಟಲಿಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು. ಮಳೆಗಾಲದಲ್ಲಿ ರಸ್ತೆಯ ಮೇಲೆ ಮರ ಬಿದ್ದರೆ ಪೇಟೆಗೆ ಹೋಗುವುದು ಯಾವಾಗಲೋ ಎಂದು ಎರಡು ತಿಂಗಳಿಗಾಗುವಷ್ಟನ್ನು ತಂದಿಟ್ಟಿರುತ್ತೇವೆ. ನಮ್ಮ ಮನೆಯಲ್ಲಿ ಫ್ರಿಜ್ ಇರುವುದು ಹಾಲು ಮೊಸರಿಗೆ ಎನ್ನುವುದಕ್ಕಿಂತ ಆ ಪುಟ್ಟ ಡಬ್ಬಿಗೆ. ಪ್ರತಿ ರಾತ್ರಿ ಆರು ಗಂಟೆ ಕಾಲ ಅದನ್ನು ಆರಿಸಿಡುವ ಧೈರ್ಯ ನನಗಿರಲಿಲ್ಲ.

ಮಾರನೆಯ ರಾತ್ರಿ ಸ್ಟೆಬಿಲೈಸರ್ ಬಿಟ್ಟು ಫ್ರಿಜ್ಜನ್ನು ನೇರವಾಗಿ ಪ್ಲಗ್ಗಿಗೆ ಸಿಕ್ಕಿಸಿ ನೋಡಿದೆ. ಮೂರು ಗಂಟೆಯ ಹೊತ್ತಿಗೆ ಕರೆಂಟು ಹೋಯಿತು. ಬಂದಾಗ ಬಲ್ಬು ಕೆಂಪಗೆ ಉರಿಯುತ್ತಿತ್ತು. ಕಂಪ್ರೆಸರ್ ತಿರುಗಲಾರದೆ ಗುಂಯ್ ಎಂದು ಗುನುಗಿ, ಒಂದಷ್ಟು ಹೊತ್ತು ಸುಮ್ಮನಾಗಿ, ಮತ್ತೆ ಗುನುಗಿತು. ಕಡಿಮೆ ವೋಲ್ಟೇಜಿನಲ್ಲಿ ಮೋಟಾರು ಹೊರಡಲಾರದೆ ಹೆಚ್ಚು ಕರೆಂಟು ಎಳೆದಾಗ ಅದರ ಓವರ್‌ಲೋಡ್ ರಕ್ಷಕ ಬಿಸಿಯಾಗಿ ಕಡಿದು, ತಣ್ಣಗಾದ ಮೇಲೆ ಮತ್ತೆ ಕೂಡಿಸುತ್ತದೆ. ಆ ಗುನುಗು ಅದೇ. ಹೀಗೇ ಹತ್ತಾರು ಸಲವಾದರೆ ಮೋಟಾರಿನ ತಂತಿಯ ಸುರುಳಿ ಸುಡುತ್ತದೆ. ಓಡಿಹೋಗಿ ಪ್ಲಗ್ ಕಿತ್ತೆ. ಹಾಗಾಗಿ ಸ್ಟೆಬಿಲೈಸರ್ ಬೇಕು, ಸದ್ದು ಬೇಡ.

ನಡುವೆ ಒಂದು ರಾತ್ರಿ ಅತ್ತೆ ತಾವೇ ಒಂದು ಉಪಾಯ ಮಾಡಿದ್ದರು. ಬೆಳಿಗ್ಗೆ ಅಡುಗೆಮನೆಗೆ ಹೋದರೆ ವಾರ್ನಿಶ್ ಕಾದ ವಾಸನೆ. ಸ್ಟೆಬಿಲೈಸರಿನ ಮೇಲೆ ಹಳೆಯ ಕಂಬಳಿ ಮಡಚಿ ಹೊದಿಸಿದ್ದರು. ತೆಗೆದು ಡಬ್ಬಿ ಮುಟ್ಟಿದರೆ ಕೈ ಇಡಲಾಗದಷ್ಟು ಬಿಸಿ. ಓದುವವರಲ್ಲಿ ಯಾರಾದರೂ ಇಂಥ ಪೆಟ್ಟಿಗೆಯ ಸದ್ದು ಅಡಗಿಸಲು ಬಟ್ಟೆ ಸುತ್ತುವ ಯೋಚನೆಯಲ್ಲಿದ್ದರೆ ದಯವಿಟ್ಟು ಬೇಡ. ಟ್ರಾನ್ಸ್‌ಫಾರ್ಮರಿನ ಬಿಸಿ ಆ ತೂತುಗಳಿಂದಲೇ ಹೊರಗೆ ಹೋಗಬೇಕು. ಅತ್ತೆಯನ್ನು ಬಯ್ಯಲು ಮನಸ್ಸಾಗಲಿಲ್ಲ. ಎಪ್ಪತ್ತೆರಡು ವರ್ಷದ ಜೀವ ಒಂದು ವಾರದಿಂದ ಕಣ್ಣು ಮುಚ್ಚಿರಲಿಲ್ಲ, ಬೆಳಗಿನ ಸಕ್ಕರೆ ಪ್ರಮಾಣವೂ ಏರಿತ್ತು. ಅವತ್ತೇ ಇದನ್ನು ನಾನೇ ಸರಿಮಾಡುತ್ತೇನೆ ಎಂದು ತೀರ್ಮಾನಿಸಿದೆ.

ಕಿವಿ, ಗಡಿಯಾರ, ಮೀಟರ್

ಡಬ್ಬಿ ಬಿಚ್ಚುವ ಮೊದಲು ಎರಡು ರಾತ್ರಿ ಸುಮ್ಮನೆ ಬರೆದುಕೊಂಡೆ. ನಾನು ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಅಳೆಯದೆ ಕೈಹಾಕಬೇಡಿ ಎಂದು ಮಕ್ಕಳಿಗೆ ಹೇಳುವ ಮಾತನ್ನು ಮನೆಯಲ್ಲೂ ಪಾಲಿಸಬೇಕಲ್ಲ. ಪಕ್ಕದ ಪ್ಲಗ್ಗಿಗೆ ಮಲ್ಟಿಮೀಟರ್ ಹಚ್ಚಿ, ನೋಟ್‌ಪುಸ್ತಕ ಹಿಡಿದು ಕುಳಿತೆ. ಸಂಜೆ ಏಳೂವರೆಗೆ 186 ವೋಲ್ಟ್. ಒಂಬತ್ತಕ್ಕೆ 204. ಹನ್ನೊಂದಕ್ಕೆ 232. ಹನ್ನೆರಡೂವರೆ ಕಳೆದ ಮೇಲೆ 245, ಅಲ್ಲಿಂದ ಬೆಳಗಿನ ನಾಲ್ಕೂವರೆಯವರೆಗೆ 244ಕ್ಕೂ 249ಕ್ಕೂ ನಡುವೆ ತೂಗಾಟ. ಐದಕ್ಕೆ ಊರು ಏಳುತ್ತಿದ್ದಂತೆ 238. ಸದ್ದು ಶುರುವಾಗುತ್ತಿದ್ದದ್ದು ಸರಿಯಾಗಿ ಆ ನಡುವಿನ ನಾಲ್ಕು ಗಂಟೆಗಳಲ್ಲಿ. ಸಂಜೆ ವೋಲ್ಟೇಜು ಎಷ್ಟೇ ಕುಸಿದರೂ ಸ್ಟೆಬಿಲೈಸರ್ ಒಂದೆರಡು ಬಾರಿ ಟಕ್ ಎಂದು ಸುಮ್ಮನಾಗುತ್ತಿತ್ತು.

ರಾತ್ರಿ ವೋಲ್ಟೇಜು ಏರುವುದಕ್ಕೆ ಕಾರಣ ಗೂಢವೇನಲ್ಲ. ಊರಿನ ಟ್ರಾನ್ಸ್‌ಫಾರ್ಮರುಗಳು 11,000 ವೋಲ್ಟನ್ನು 433 ವೋಲ್ಟಿಗೆ ಇಳಿಸುತ್ತವೆ. ಅದು ಎರಡು ಫೇಸುಗಳ ನಡುವಿನ ಲೆಕ್ಕ. ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ ಅದು 250 ವೋಲ್ಟ್. ದಾರಿಯ ತಂತಿಯಲ್ಲಿ ಒಂದಷ್ಟು ಸೋರಿಹೋಗಲಿ ಎಂದೇ ಹಾಗೆ ಹೆಚ್ಚಿಗೆ ಇಟ್ಟಿರುತ್ತಾರೆ. ನಮ್ಮದು ಕೊನೆಯ ಕಂಬದ ಮನೆ. ಟ್ರಾನ್ಸ್‌ಫಾರ್ಮರಿನಿಂದ ಅರ್ಧ ಕಿಲೋಮೀಟರಿಗಿಂತ ದೂರ. ಅಲ್ಯೂಮಿನಿಯಂ ತಂತಿ ಹೋಗುವುದಕ್ಕೂ ಬರುವುದಕ್ಕೂ ಸೇರಿ ಸುಮಾರು ಒಂದು ಓಮ್ ಎಂದು ಹಿಡಿದರೆ, ಯಾರಾದರೂ ಎರಡು ಎಚ್‌ಪಿ ಪಂಪು ಹಚ್ಚಿ ಹತ್ತು ಆಂಪಿಯರ್ ಎಳೆದಾಗ ನಮ್ಮ ಪಾಲಿನಿಂದ ಹತ್ತು ವೋಲ್ಟ್ ಹೋಯಿತು. ಸಂಜೆ ಎಲ್ಲ ಮನೆಯ ದೀಪ, ಟಿ.ವಿ., ಗ್ರೈಂಡರ್ ಸೇರಿದರೆ ಇನ್ನೂ ಕೆಳಗೆ. ನಡುರಾತ್ರಿ ಯಾರೂ ಏನೂ ಎಳೆಯದಿದ್ದಾಗ ಆ 250 ಬಹುಮಟ್ಟಿಗೆ ಹಾಗೆಯೇ ನಮ್ಮ ಮನೆ ಬಾಗಿಲಿಗೆ ಬರುತ್ತದೆ. 230 ವೋಲ್ಟಿಗೆ ಶೇಕಡಾ 6 ಏರಿಳಿತ ಎಂದು ಲೆಕ್ಕ ಹಾಕಿದರೆ ಸುಮಾರು 216ರಿಂದ 244. ನಮ್ಮ ಮನೆ ದಿನಕ್ಕೆ ಎರಡು ಸಲ ಆ ಗೆರೆಗಳ ಹೊರಗೆ ಹೋಗಿ ಬರುತ್ತದೆ. ಶರಾವತಿಯ 1,035 ಮೆಗಾವ್ಯಾಟ್ ಹುಟ್ಟುವುದು ಇದೇ ಜಿಲ್ಲೆಯ ನೀರಿನಿಂದ ಎಂದು ಪಾಠ ಮಾಡುವಾಗಲೆಲ್ಲ ನನಗೆ ನಮ್ಮ ಕೊನೆಯ ಕಂಬ ನೆನಪಾಗುತ್ತದೆ.

ಎರಡನೆಯ ರಾತ್ರಿ ಬರೆದುಕೊಂಡದ್ದು ಸದ್ದಿನ ಲೆಕ್ಕ. ಒಂದು ನಿಮಿಷಕ್ಕೆ 26 ಟಕ್, 26 ಟಿಕ್. ಐದು ನಿಮಿಷ ಬಿಟ್ಟು ಎಣಿಸಿದರೆ 25. ಮತ್ತೆ 27. ಟಕ್ ಎನ್ನುವುದು ರಿಲೇಯ ಸುರುಳಿಗೆ ಕರೆಂಟು ಬಂದು ಕಬ್ಬಿಣದ ನಾಲಗೆ ಅಪ್ಪಳಿಸುವ ಸದ್ದು, ಟಿಕ್ ಎನ್ನುವುದು ಸ್ಪ್ರಿಂಗು ಅದನ್ನು ಹಿಂದಕ್ಕೆ ಎಳೆದಾಗಿನ ಸದ್ದು. ಈ ಎಣಿಕೆಯಲ್ಲಿಯೇ ಉತ್ತರವಿತ್ತು, ಆದರೆ ನಾನು ಅದನ್ನು ಅವತ್ತು ಓದಲಿಲ್ಲ. ಲೈನಿನಲ್ಲಿ ಮರದ ಕೊಂಬೆ ತಾಗುತ್ತಿದ್ದರೆ, ಎಲ್ಲೋ ಜಾಯಿಂಟು ಸಡಿಲವಾಗಿದ್ದರೆ ಸದ್ದು ಗಾಳಿಯಂತೆ ಅಂಕೆಗೆ ಸಿಗದೆ ಬರಬೇಕಿತ್ತು. ಗಾಳಿಗೆ ತಾಳವಿಲ್ಲ. ಇಲ್ಲಿ ತಾಳ ಇತ್ತು. ಹೊರಗಿನಿಂದ ಬರುವ ತೊಂದರೆ ಹೀಗೆ ಲೆಕ್ಕ ಹಾಕಿ ಬರುವುದಿಲ್ಲ. ತನ್ನ ಬಾಲವನ್ನು ತಾನೇ ಕಚ್ಚುತ್ತಿರುವ ಯಂತ್ರ ಮಾತ್ರ ಹೀಗೆ ಬಡಿಯುತ್ತದೆ.

ಡಬ್ಬಿಯ ಒಳಗೆ

ಪೇಟೆಯಲ್ಲಿ ರಿಪೇರಿ ಮಾಡುವವರೊಬ್ಬರನ್ನು ಕೇಳಿದೆ. "ಹಳೆಯದು ಮೇಡಂ, ಬಿಸಾಡಿ ಹೊಸದು ತೆಗೆದುಕೊಳ್ಳಿ" ಎಂದರು. ಮನೆಯವರೂ ಹಾಗೆಯೇ ಹೇಳಿದರು. ಇದನ್ನು ಮಾವ 2011ರಲ್ಲಿ ತಂದದ್ದು. ಹಿಡಿದು ಎತ್ತಿದರೆ ಆರು ಕಿಲೋ ತೂಗುತ್ತದೆ. ಒಳಗಿರುವುದು ತಾಮ್ರದ ಸುರುಳಿ. ಈಗ ಕಡಿಮೆ ಬೆಲೆಗೆ ಸಿಗುವ ಎಷ್ಟೋ ಸ್ಟೆಬಿಲೈಸರುಗಳಲ್ಲಿ ಅಲ್ಯೂಮಿನಿಯಂ ತಂತಿ ಸುತ್ತಿರುತ್ತಾರೆ. ಕಬ್ಬಿಣವೂ ತಾಮ್ರವೂ ಗಟ್ಟಿಯಾಗಿರುವಾಗ ಅಂಗೈಯಗಲದ ಬೋರ್ಡಿನ ತಪ್ಪಿಗೆ ಇಡೀ ಪೆಟ್ಟಿಗೆಯನ್ನು ಗುಜರಿಗೆ ಹಾಕುವುದು ನನಗೆ ಒಪ್ಪಿಗೆಯಾಗಲಿಲ್ಲ. ಮಾವ ಇದ್ದಿದ್ದರೆ ಅವರಿಗೂ ಒಪ್ಪಿಗೆಯಾಗುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಪ್ಲಗ್ ಕಿತ್ತು, ಅರ್ಧ ಗಂಟೆ ಬಿಟ್ಟು, ಜಗಲಿಯಲ್ಲಿ ಹಳೆಯ ಪತ್ರಿಕೆ ಹಾಸಿ ಬಿಚ್ಚಿದೆ. ಒಂದು ಮಾತನ್ನು ಒತ್ತಿ ಹೇಳಬೇಕು. ಸ್ಟೆಬಿಲೈಸರಿನಲ್ಲಿರುವುದು ಆಟೋ ಟ್ರಾನ್ಸ್‌ಫಾರ್ಮರ್. ಒಂದೇ ಸುರುಳಿ, ನಡುನಡುವೆ ತೆಗೆದ ಕವಲುಗಳು. ಮೊಬೈಲ್ ಚಾರ್ಜರಿನಲ್ಲಿರುವಂತೆ ಒಳಬದಿ ಹೊರಬದಿ ಬೇರೆಬೇರೆ ಅಲ್ಲ. ಅದರ ಯಾವ ತುದಿ ಮುಟ್ಟಿದರೂ ಕಂಬದ ತಂತಿಯನ್ನೇ ಮುಟ್ಟಿದಂತೆ. ಪ್ಲಗ್ ಸಿಕ್ಕಿಸಿದ್ದಾಗ ಒಳಗೆ ಬೆರಳು ಹೋಗಬಾರದು.

ಮುಚ್ಚಳ ತೆಗೆದರೆ ಹದಿಮೂರು ಮಳೆಗಾಲಗಳ ಚರಿತ್ರೆ. ಒಲೆಯ ಮಸಿ ಹಿಡಿದ ಧೂಳು, ಹಲ್ಲಿಯ ಮೊಟ್ಟೆಯ ಎರಡು ಸಿಪ್ಪೆ, ಬೋರ್ಡಿನ ಅಂಚಿನಲ್ಲಿ ಬಿಳಿ ಬೂಷ್ಟು, ರಿಲೇಗಳ ಸುತ್ತ ಸತ್ತ ಸಣ್ಣ ಇರುವೆಗಳ ರಾಶಿ. ಇರುವೆಗಳು ಸ್ವಿಚ್ಚು ರಿಲೇಗಳ ಸಂಪರ್ಕಕ್ಕೆ ಮುತ್ತುವುದನ್ನು ಈ ಕಡೆಯ ಎಲೆಕ್ಟ್ರಿಷಿಯನ್ನರೆಲ್ಲ ಬಲ್ಲರು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅದರ ಹತ್ತಿರದಲ್ಲಿರುವ ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೆಟ್ಟಿಗೆಯಲ್ಲಿಟ್ಟ ಚಪ್ಪಲಿಯೂ ಬೂಷ್ಟು ಹಿಡಿಯುತ್ತದೆ, ಬೋರ್ಡು ಹಿಡಿಯದೆ ಇರುತ್ತದೆಯೇ? ಬಣ್ಣದ ಬ್ರಷ್ಷಿನಿಂದ ಧೂಳು ಕೊಡವಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಾಮ್ರದ ಗೆರೆಗಳನ್ನು ಉಜ್ಜಿದೆ.

ಬೋರ್ಡಿನಲ್ಲಿ ಮೂರು ರಿಲೇ, ವೋಲ್ಟೇಜನ್ನು ಹೋಲಿಸಿ ನೋಡಿ ಅವುಗಳಿಗೆ ಅಪ್ಪಣೆ ಕೊಡುವ ಒಂದು ಎಲ್‌ಎಂ 324 ಐಸಿ, ಒಂದಷ್ಟು ರೆಸಿಸ್ಟರ್, ಯಾವ ವೋಲ್ಟೇಜಿಗೆ ಯಾವ ರಿಲೇ ಎಳೆಯಬೇಕೆಂದು ತಿರುಗಿಸಿ ಹೊಂದಿಸುವ ಮೂರು ಪ್ರೀಸೆಟ್, ಎರಡು ಕೆಪಾಸಿಟರ್. ಕೆಲಸ ಸರಳ. ವೋಲ್ಟೇಜು ತೀರಾ ಕೆಳಗಿದ್ದಾಗ ಮೂರೂ ರಿಲೇ ಬಿಟ್ಟಿರುತ್ತವೆ, ಟ್ರಾನ್ಸ್‌ಫಾರ್ಮರ್ ಅತಿ ಹೆಚ್ಚು ಏರಿಸಿ ಕೊಡುತ್ತದೆ. ವೋಲ್ಟೇಜು ಏರಿದಂತೆ ಒಂದೊಂದೇ ರಿಲೇ ಎಳೆದುಕೊಂಡು ಏರಿಕೆಯನ್ನು ಕಡಿಮೆ ಮಾಡುತ್ತದೆ. ಮೂರನೆಯದು ಎಳೆದುಕೊಂಡಾಗ ಇಳಿಸಿ ಕೊಡುತ್ತದೆ. ನಮ್ಮ ರಾತ್ರಿಯ ಸದ್ದು ಈ ಮೂರನೆಯದ್ದು.

ಅದರ ಪ್ಲಾಸ್ಟಿಕ್ ಟೋಪಿ ತೆಗೆದು ನೋಡಿದರೆ ಸಂಪರ್ಕಗಳು ಕರಿಕಟ್ಟಿ ಗುಳಿಬಿದ್ದಿದ್ದವು. ಸಿಕ್ಕಿತು ಎಂದುಕೊಂಡೆ. ಸೋಮವಾರ ಪೇಟೆಯಲ್ಲಿಯೇ 12 ವೋಲ್ಟಿನ ಅದೇ ಅಳತೆಯ ರಿಲೇ ಸಿಕ್ಕಿತು. ಹಳೆಯದರ ಐದು ಕಾಲುಗಳ ಬೆಸುಗೆ ಹೀರಿ ತೆಗೆದು ಹೊಸದನ್ನು ಕೂರಿಸಿದೆ. ನೇರವಾಗಿ ಪ್ಲಗ್ಗಿಗೆ ಹಾಕದೆ ಸೀರೀಸ್ ಬೋರ್ಡಿನ 100 ವ್ಯಾಟ್ ಬಲ್ಬಿನ ಮೂಲಕ ಕೊಟ್ಟೆ. ಒಳಗೆ ಎಲ್ಲಾದರೂ ಶಾರ್ಟ್ ಆಗಿದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಬೇರೇನೂ ಸುಡುವುದಿಲ್ಲ. ಬಲ್ಬಿನ ತಂತಿ ಮಂಕಾಗಿ ಕೆಂಪಾಯಿತು ಅಷ್ಟೆ. ಸಂಜೆ ಗೋಡೆಗೆ ಹಾಕಿದೆ. ಮೌನ. ಅತ್ತೆ ಎಂಟೂವರೆಗೇ ಮಲಗಿದರು.

ಒಂದು ಗಂಟೆ ಹತ್ತು ನಿಮಿಷಕ್ಕೆ ಟಕ್. ಟಿಕ್. ಟಕ್.

ಆ ರಾತ್ರಿ ಆದ ಬೇಸರ ಸಣ್ಣದಲ್ಲ. ಸಂಪರ್ಕಗಳು ಕರಿಕಟ್ಟಿದ್ದು ಆ ಬಡಿತದ ಫಲ, ನಾನು ಅದನ್ನೇ ಬೇರು ಎಂದುಕೊಂಡಿದ್ದೆ. ಹದಿನೈದು ದಿನ, ರಾತ್ರಿಗೆ ನಾಲ್ಕು ಗಂಟೆ, ನಿಮಿಷಕ್ಕೆ 26. ಲೆಕ್ಕ ಹಾಕಿದರೆ ತೊಂಬತ್ತು ಸಾವಿರ ದಾಟುತ್ತದೆ. ಅಷ್ಟು ಬಾರಿ ಕಿಡಿ ಹಾರಿದರೆ ಯಾವ ಸಂಪರ್ಕ ಉಳಿಯುತ್ತದೆ? ಸ್ವಿಚ್ ಆರಿಸಿ ಅತ್ತೆಯ ಪಕ್ಕದಲ್ಲಿ ಕುಳಿತೆ. "ನೀನು ಮಲಗು, ನನಗೆ ಹೇಗಿದ್ದರೂ ನಿದ್ದೆ ಕಡಿಮೆ" ಎಂದರು. ಆಗಲೇ ನೋಟ್‌ಪುಸ್ತಕ ತೆರೆದು 26, 25, 27 ಎಂದು ಬರೆದದ್ದನ್ನು ಮತ್ತೆ ನೋಡಿದೆ.

ಪ್ರಯೋಗಾಲಯದ ಶನಿವಾರ

ಗೋಡೆಯ ವೋಲ್ಟೇಜು ನಾನು ಹೇಳಿದಂತೆ ಕೇಳುವುದಿಲ್ಲ, ನಡುರಾತ್ರಿಯವರೆಗೆ ಕಾಯಬೇಕು. ಬೇಕಾದ ವೋಲ್ಟೇಜು ಬೇಕಾದಾಗ ಬೇಕೆಂದರೆ ವೇರಿಯಾಕ್ ಬೇಕು. ನಮ್ಮ ಪ್ರಯೋಗಾಲಯದಲ್ಲಿ 0ಯಿಂದ 270 ವೋಲ್ಟಿನವರೆಗೆ ತಿರುಗಿಸಬಹುದಾದ ಒಂದು ಇದೆ. ಪ್ರಾಂಶುಪಾಲರ ಅನುಮತಿ ಪಡೆದು, ಸ್ಟೆಬಿಲೈಸರನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ದೆ. ಕೊನೆಯ ವರ್ಷದ ಇಬ್ಬರು ವಿದ್ಯಾರ್ಥಿನಿಯರು ನಾವೂ ಇರುತ್ತೇವೆ ಎಂದು ನಿಂತರು.

ಗುಂಡಿಯನ್ನು ನಿಧಾನವಾಗಿ ತಿರುಗಿಸಿದೆವು. 175ರಲ್ಲಿ ಮೊದಲನೆಯ ರಿಲೇ, ಒಂದೇ ಟಕ್. 205ರಲ್ಲಿ ಎರಡನೆಯದು. 243ರವರೆಗೆ ಮೌನ. 244ಕ್ಕೆ ಬಡಿತ ಶುರು. 247ರಲ್ಲಿ ಸ್ಪಷ್ಟ ತಾಳ. 250 ದಾಟುತ್ತಲೇ ಟಕ್ ಎಂದು ಎಳೆದುಕೊಂಡು ಗಟ್ಟಿಯಾಗಿ ನಿಂತಿತು. ವೇರಿಯಾಕಿನ ವೋಲ್ಟೇಜು ಕದಲದೆ ನಿಂತಿರುವಾಗಲೂ ಬಡಿತ! ಲೈನಿನ ತಪ್ಪಲ್ಲ ಎನ್ನುವುದು ಅಲ್ಲಿಗೆ ಇತ್ಯರ್ಥವಾಯಿತು. ಬರೀ ಆರು ವೋಲ್ಟಿನ ಒಂದು ಕಿಂಡಿ. ನಮ್ಮ ಮನೆಯ ನಡುರಾತ್ರಿ ಸರಿಯಾಗಿ ಆ ಕಿಂಡಿಯೊಳಗೇ ಬಂದು ಕುಳಿತುಕೊಳ್ಳುತ್ತಿತ್ತು.

ಮುಂದಿನದು ಸಿಆರ್‌ಒ, ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಯಂತ್ರ. ಅದರ ನೆಲದ ಕ್ಲಿಪ್ ಭೂಮಿಗೆ ಸೇರಿರುತ್ತದೆ, ತಪ್ಪು ಜಾಗಕ್ಕೆ ಸಿಕ್ಕಿಸಿದರೆ ದೊಡ್ಡ ಕಿಡಿ. ಹಾಗಾಗಿ ಮೊದಲು ಪ್ಲಗ್ ಕಿತ್ತು ಮೀಟರಿನಲ್ಲಿ ನೋಡಿದೆವು: ಬೋರ್ಡಿಗೆ ಕರೆಂಟು ಕೊಡುವ ಸಣ್ಣ ಸುರುಳಿ ಮುಖ್ಯ ಸುರುಳಿಯಿಂದ ಪೂರ್ತಿ ಬೇರೆಯಾಗಿದೆ. ಖಾತರಿಯಾದ ಮೇಲೆಯೇ ಬೋರ್ಡಿನ ಋಣ ತುದಿಗೆ ಕ್ಲಿಪ್, ಧನ ತುದಿಗೆ ಮೊನೆ.

ಪರದೆಯ ಮೇಲೆ ಕಂಡದ್ದನ್ನು ನಾನು ಮರೆಯಲಾರೆ. ಸಮತಟ್ಟಾಗಿ ಇರಬೇಕಾದ 15 ವೋಲ್ಟಿನ ಗೆರೆ ಗರಗಸದ ಹಲ್ಲಿನಂತಿತ್ತು. ಎರಡು ರಿಲೇ ಎಳೆದಿರುವಾಗ ಹಲ್ಲಿನ ಎತ್ತರ ಸುಮಾರು 2.8 ವೋಲ್ಟ್. ಮೂರನೆಯದು ಟಕ್ ಎಂದ ತಕ್ಷಣ ಹಲ್ಲು 4 ವೋಲ್ಟಿಗೆ ಬೆಳೆದು ಇಡೀ ಗೆರೆ ಕೆಳಗೆ ಜಗ್ಗಿತು. ಟಿಕ್ ಎಂದಾಗ ಮೇಲೆದ್ದಿತು. ಮತ್ತೆ ಟಕ್, ಮತ್ತೆ ಜಗ್ಗಿತು. ವಿದ್ಯಾರ್ಥಿನಿಯೊಬ್ಬಳು, "ಮೇಡಂ, ಅದು ತನ್ನ ಭಾರಕ್ಕೆ ತಾನೇ ಬೀಳುತ್ತಿದೆ" ಎಂದಳು. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಆಗುತ್ತಿದ್ದದ್ದು ಹೀಗೆ. ಈ ಬೋರ್ಡಿನಲ್ಲಿ ವೋಲ್ಟೇಜು ಎಷ್ಟಿದೆ ಎಂದು ಅಳೆಯುವುದೂ ಅದೇ 15 ವೋಲ್ಟಿನ ಗೆರೆಯಿಂದ, ರಿಲೇಗೆ ಶಕ್ತಿ ಕೊಡುವುದೂ ಅದೇ ಗೆರೆಯಿಂದ. ರಿಲೇಯ ಸುರುಳಿ 400 ಓಮ್. 12 ವೋಲ್ಟಿಗೆ 30 ಮಿಲಿ ಆಂಪಿಯರ್ ಎಳೆಯುತ್ತದೆ. ಎಳೆದ ತಕ್ಷಣ ಗೆರೆ ಸ್ವಲ್ಪ ಕುಸಿಯುತ್ತದೆ. ಐಸಿಗೆ ಅದು ಲೈನಿನ ವೋಲ್ಟೇಜೇ ಇಳಿದಂತೆ ಕಾಣುತ್ತದೆ. ಇಳಿಯಿತಲ್ಲ ಎಂದು ರಿಲೇ ಬಿಡುತ್ತದೆ. ಬಿಟ್ಟಾಗ ಭಾರ ಇಳಿದು ಗೆರೆ ಏರುತ್ತದೆ, ಏರಿತಲ್ಲ ಎಂದು ಮತ್ತೆ ಎಳೆಯುತ್ತದೆ. ಅಳತೆಯ ದಾರಿಯಲ್ಲಿ ನಿಧಾನಿಸಲು ಇಟ್ಟಿರುವ 100 ಮೈಕ್ರೋಫ್ಯಾರಡ್ ಕೆಪಾಸಿಟರು ತುಂಬಿ ಖಾಲಿಯಾಗಲು ಹಿಡಿಯುವ ಸಮಯವೇ ಆ ತಾಳ.

ಹೊಸದಾಗಿದ್ದಾಗ ಯಾಕೆ ಹೀಗೆ ಆಗುತ್ತಿರಲಿಲ್ಲ? ಮಾಡಿದವರು ಅದಕ್ಕೆ ಅವಕಾಶ ಇಟ್ಟಿದ್ದರು. ಐಸಿಯ ಹೊರಬಾಗಿಲಿನಿಂದ ಒಳಬಾಗಿಲಿಗೆ ಒಂದು ಮೆಗಾ ಓಮ್ ರೆಸಿಸ್ಟರ್ ಇದೆ. ಒಮ್ಮೆ ಎಳೆದ ರಿಲೇ ಅಷ್ಟು ಸುಲಭಕ್ಕೆ ಬಿಡದಂತೆ ಅದು ಹಿಡಿದಿಡುತ್ತದೆ. ಲೆಕ್ಕ ಹಾಕಿದರೆ ಲೈನಿನ ಸುಮಾರು ಆರು ವೋಲ್ಟಿನಷ್ಟು ಅಂತರ. ಗೆರೆಯ ಕುಸಿತ ಆ ಆರರೊಳಗೆ ಇದ್ದರೆ ಬಡಿತವಿಲ್ಲ. ಈಗ ಕುಸಿತ ಲೈನಿನ ಹನ್ನೊಂದು ವೋಲ್ಟಿಗೆ ಸಮವಾಗಿತ್ತು. ಹನ್ನೊಂದರಲ್ಲಿ ಆರು ಕಳೆದರೆ ಐದು. ಕಿಂಡಿ ನಾವು ಅಳೆದದ್ದು ಆರು ವೋಲ್ಟ್. ಕಾಗದದ ಲೆಕ್ಕವೂ ಮೇಜಿನ ಮೇಲಿನ ಯಂತ್ರವೂ ಇಷ್ಟು ಹತ್ತಿರ ಬಂದಾಗ ಆಗುವ ಸಂತೋಷವನ್ನು ಆ ಇಬ್ಬರು ಹುಡುಗಿಯರ ಮುಖದಲ್ಲೂ ನೋಡಿದೆ.

ಬತ್ತಿದ ಕೆಪಾಸಿಟರ್

ಗರಗಸದ ಹಲ್ಲನ್ನು ಸಮ ಮಾಡಬೇಕಾದದ್ದು ಬೋರ್ಡಿನ ದೊಡ್ಡ ಕೆಪಾಸಿಟರ್. 1,000 ಮೈಕ್ರೋಫ್ಯಾರಡ್, 25 ವೋಲ್ಟ್ ಎಂದು ಮೈಮೇಲೆ ಬರೆದಿತ್ತು. ತಲೆ ಉಬ್ಬಿರಲಿಲ್ಲ, ಅದಕ್ಕೇ ಮೊದಲ ದಿನ ನನ್ನ ಕಣ್ಣಿಗೆ ಬೀಳಲಿಲ್ಲ. ಕಿತ್ತು ಬುಡ ನೋಡಿದರೆ ರಬ್ಬರಿನ ಸುತ್ತ ಕಂದು ಕಲೆ. ಮೀಟರಿನಲ್ಲಿ 210. ಐದರಲ್ಲಿ ನಾಲ್ಕು ಪಾಲು ಹೋಗಿಬಿಟ್ಟಿತ್ತು. ಈ ಬಗೆಯ ಕೆಪಾಸಿಟರಿನೊಳಗೆ ದ್ರವದಲ್ಲಿ ನೆನೆದ ಕಾಗದದ ಸುರುಳಿ ಇರುತ್ತದೆ. ಬಿಸಿಗೆ ಆ ದ್ರವ ಬುಡದ ರಬ್ಬರಿನಿಂದ ನಿಧಾನವಾಗಿ ಆರಿಹೋಗುತ್ತದೆ. ಹತ್ತು ಡಿಗ್ರಿ ಬಿಸಿ ಹೆಚ್ಚಿದರೆ ಆಯುಷ್ಯ ಅರ್ಧ ಎನ್ನುವುದು ಈ ಕೆಲಸದವರ ಒರಟು ಲೆಕ್ಕ. ನಮ್ಮ ಬೋರ್ಡಿನಲ್ಲಿ ಅದು ಟ್ರಾನ್ಸ್‌ಫಾರ್ಮರಿಗೆ ಅಂಟಿಕೊಂಡಂತೆ ಕುಳಿತಿತ್ತು. ಕೆಳಗಿನಿಂದ ಫ್ರಿಜ್ಜಿನ ಬೆನ್ನಿನ ಬಿಸಿ ಬೇರೆ. ಹದಿಮೂರು ವರ್ಷ ಬಾಳಿದ್ದೇ ಹೆಚ್ಚು.

ತೀರ್ಥಹಳ್ಳಿಯಲ್ಲಿ 85 ಡಿಗ್ರಿ ಬಿಸಿಯವರೆಗೆ ತಾಳುವ ಕೆಪಾಸಿಟರ್ ಸಿಗುತ್ತಿತ್ತು. ನನಗೆ 105 ಡಿಗ್ರಿಯದು ಬೇಕಿತ್ತು. ಹೇಗೂ ಅತ್ತೆಯ ಔಷಧಿ ತರಲು ಶಿವಮೊಗ್ಗಕ್ಕೆ ಹೋಗಬೇಕಿತ್ತು. ಮುಂದಿನ ಬುಧವಾರ ನೆಹರೂ ರಸ್ತೆಯ ಆಸುಪಾಸಿನ ಬಿಡಿಭಾಗದ ಅಂಗಡಿಯೊಂದರಲ್ಲಿ ಎರಡು ಕೊಂಡೆ. ಎರಡೂ ಸೇರಿ ಬಸ್ ಟಿಕೆಟ್ಟಿನ ಅರ್ಧದಷ್ಟೂ ಆಗಲಿಲ್ಲ. ಕೂರಿಸುವಾಗ ಧನ ಋಣ ತಪ್ಪಬಾರದು, ತಪ್ಪಿದರೆ ಸಿಡಿಯುತ್ತದೆ. ಕಾಲುಗಳನ್ನು ಸ್ವಲ್ಪ ಉದ್ದ ಬಿಟ್ಟು, ಪ್ಲಾಸ್ಟಿಕ್ ಕೊಳವೆ ತೊಡಿಸಿ, ಟ್ರಾನ್ಸ್‌ಫಾರ್ಮರಿನಿಂದ ಎರಡು ಬೆರಳು ದೂರಕ್ಕೆ ಬಾಗಿಸಿ ಬೆಸೆದೆ.

ಮರುದಿನ ಮತ್ತೆ ವೇರಿಯಾಕ್. ಹಲ್ಲು ಒಂದು ವೋಲ್ಟಿಗಿಂತ ಕೆಳಗಿಳಿದಿತ್ತು. 247ಕ್ಕೆ ಟಕ್, 245ಕ್ಕೆ ಇಳಿಸಿದರೆ ಟಿಕ್, ನಡುವೆ ಬಡಿತವಿಲ್ಲ. ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಎರಡು ವೋಲ್ಟಿನ ಅಂತರ ನನಗೆ ಸಾಲದು ಎನಿಸಿತು. ನಮ್ಮ ಲೈನು ನಡುರಾತ್ರಿಯಲ್ಲೂ ನಾಲ್ಕೈದು ವೋಲ್ಟ್ ತೂಗುತ್ತದೆ. ನಿಮಿಷಕ್ಕೆ 26 ಅಲ್ಲದಿದ್ದರೂ ಗಂಟೆಗೆ ಹತ್ತು ಬಾರಿ ಟಕ್ ಎಂದರೆ ಅತ್ತೆಯ ಪಾಲಿಗೆ ಅದೂ ನಿದ್ದೆಗೇಡೇ. ಹಾಗಾಗಿ ಮೂರನೆಯ ಹಂತದ ಒಂದು ಮೆಗಾ ಓಮ್ ತೆಗೆದು 470 ಕಿಲೋ ಓಮ್ ಹಾಕಿದೆ. ಲೆಕ್ಕದಲ್ಲಿ ಹನ್ನೆರಡು ವೋಲ್ಟಿನ ಅಂತರ ಬರಬೇಕು. ರಿಲೇ ತನ್ನ ಭಾರಕ್ಕೆ ನುಂಗುವುದನ್ನು ಕಳೆದು ಸಿಕ್ಕಿದ್ದು ಎಂಟು. ಪ್ರೀಸೆಟ್ಟನ್ನು ಕೂದಲೆಳೆಯಷ್ಟು ತಿರುಗಿಸಿ 250ಕ್ಕೆ ಎಳೆಯುವಂತೆ, 242ಕ್ಕೆ ಬಿಡುವಂತೆ ಹೊಂದಿಸಿ, ಅದು ಅಲುಗದಂತೆ ಮೇಲೆ ಒಂದು ತೊಟ್ಟು ಉಗುರುಬಣ್ಣ ಹಚ್ಚಿದೆ. ಇನ್ನೂ ಹೆಚ್ಚು ಅಂತರ ಕೊಡುವ ಆಸೆಗೆ ಬೀಳಬಾರದು. ಆಗ ಇಳಿಸಬೇಕಾದ ವೋಲ್ಟೇಜನ್ನು ಇಳಿಸದೆ ಫ್ರಿಜ್ಜಿಗೆ ಹಾಗೆಯೇ ಬಿಡುತ್ತದೆ.

ಕೊನೆಯದಾಗಿ ಗೋಡೆಯ ಕೆಲಸ. ಹಲಗೆಯಿಂದ ಸ್ಟೆಬಿಲೈಸರನ್ನು ಬಿಡಿಸಿ, ಆಚೆಯ ಮಣ್ಣಿನ ಗೋಡೆಗೆ, ಫ್ರಿಜ್ಜಿನ ಬಿಸಿ ತಾಗದಷ್ಟು ಪಕ್ಕಕ್ಕೆ ಸರಿಸಿದೆ. ಮನೆಯವರು ಸೈಕಲ್ಲಿನ ಹಳೆಯ ಟ್ಯೂಬು ಕತ್ತರಿಸಿ ನಾಲ್ಕು ಪದರದ ಬಿಲ್ಲೆಗಳನ್ನು ಮಾಡಿಕೊಟ್ಟರು. ಸ್ಕ್ರೂವಿನ ಹಿಂದೆಯೂ ಮುಂದೆಯೂ ಒಂದೊಂದು. ಸ್ಕ್ರೂ ಪೂರ್ತಿ ಬಿಗಿಯಬಾರದು, ರಬ್ಬರು ಒತ್ತಿ ಸತ್ತುಹೋದರೆ ಅದು ಇದ್ದೂ ಇಲ್ಲದಂತೆ. ತೂತುಗಳಿಗೆ ಒಳಗಿನಿಂದ ಸೊಳ್ಳೆಪರದೆಯ ಲೋಹದ ಜಾಲರಿ ಅಂಟಿಸಿದೆ, ಹಲ್ಲಿ ಬರಬಾರದು, ಗಾಳಿ ಬರಬೇಕು. ಇರುವೆಗೆ ಅದು ತಡೆಯಲ್ಲ; ಮಳೆಗಾಲ ಮುಗಿದ ಮೇಲೆ ಒಮ್ಮೆ ಬಿಚ್ಚಿ ಗುಡಿಸಲೇಬೇಕು.

ಹಾಕಿದ ಮೊದಲ ರಾತ್ರಿ ಅತ್ತೆಯೂ ನಾನೂ ಎಚ್ಚರವಾಗಿದ್ದೆವು. ಹನ್ನೊಂದರ ಹೊತ್ತಿಗೆ 231. ಹನ್ನೆರಡೂ ಮುಕ್ಕಾಲಿಗೆ 247, ಸದ್ದಿಲ್ಲ. ಒಂದೂ ಕಾಲಿಗೆ ಮೀಟರು 250 ಮುಟ್ಟಿದಾಗ ಅಡುಗೆಮನೆಯಲ್ಲಿ ದೂರದಿಂದೆಂಬಂತೆ ಒಂದು ಟಕ್. ಇಬ್ಬರೂ ಉಸಿರು ಹಿಡಿದು ಟಿಕ್‌ಗೆ ಕಾದೆವು. ಬರಲಿಲ್ಲ. ಅತ್ತೆ ಗೋಡೆಯತ್ತ ಮಗ್ಗುಲು ಬದಲಿಸಿದರು. ನಾನು ಐದರವರೆಗೆ ಕುಳಿತು ಬರೆದೆ: ಮೂರು ಗಂಟೆಗೆ 246, ನಾಲ್ಕಕ್ಕೆ 248, ನಾಲ್ಕೂ ಐವತ್ತಕ್ಕೆ 241, ಒಂದು ಟಿಕ್. ಇಡೀ ರಾತ್ರಿಗೆ ಎರಡು ಸದ್ದು. ಆ ಟಿಕ್ ಆದಾಗ ಅತ್ತೆ ಗೊರಕೆ ಹೊಡೆಯುತ್ತಿದ್ದರು.

ಇಂದಿಗೆ ಹನ್ನೊಂದು ರಾತ್ರಿಗಳಾದವು. ಅತಿ ಹೆಚ್ಚು ಎಂದರೆ ಒಂದು ರಾತ್ರಿ ಆರು ಸದ್ದು, ಅದು ಗಾಳಿಮಳೆಗೆ ಕರೆಂಟು ಬಂದು ಹೋಗಿ ಮಾಡಿದ ದಿನ. ಶಿವಮೊಗ್ಗದಿಂದ ತಂದ ಎರಡನೆಯ ಕೆಪಾಸಿಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸ್ಟೆಬಿಲೈಸರಿನ ಮುಚ್ಚಳದ ಒಳಗೆ ಅಂಟಿಸಿದ್ದೇನೆ. ಪಕ್ಕದಲ್ಲಿ ಪೆನ್ಸಿಲಿನಿಂದ ಬದಲಿಸಿದ ತಾರೀಖು, ಮೂರನೆಯ ಹಂತಕ್ಕೆ 470 ಕಿಲೋ ಓಮ್, 250ಕ್ಕೆ ಎಳೆತ, 242ಕ್ಕೆ ಬಿಡುಗಡೆ ಎಂದು ಬರೆದಿದ್ದೇನೆ. ಉಳಿದಿರುವುದು ಅರ್ಥ್ ಗುಂಡಿ. ಅದರ ಪೈಪು ತುಕ್ಕು ಹಿಡಿದು ಕಡ್ಡಿಯಷ್ಟಾಗಿದೆ. ಮಳೆ ನಿಂತ ಮೇಲೆ ತೋಟದ ಅಂಚಿನಲ್ಲಿ ಹೊಸ ಗುಂಡಿ ತೆಗೆಸಿ, ಇದ್ದಿಲು ಉಪ್ಪು ಹಾಕಿ ಹೊಸ ಪೈಪು ಇಳಿಸಬೇಕು.